ಆಟದ ಸದ್ದಿಗೆ ಅಡ್ಡ ಬರುವ ಕೋಡೆಕ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಂಪ್ಯೂಟರ್ ಆಟಗಳಲ್ಲಿ ಸದ್ದು ಕೈಕೊಡುವ ಬಗ್ಗೆ ಬಂದಿರುವ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಬಹುಪಾಲು ಪತ್ರಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ: ಸದ್ದು ಸರಿಯಿಲ್ಲವೆಂದು ಯಾರದೋ ಸಲಹೆಯ ಮೇಲೆ ಒಂದು ಕೋಡೆಕ್ ಪ್ಯಾಕ್ (ಕುಗ್ಗಿಸಿದ ಸದ್ದು, ವಿಡಿಯೊಗಳನ್ನು ಬಿಡಿಸಿ ನುಡಿಸುವ ಕೋಡೆಕ್ ಎಂಬ ತಂತ್ರಾಂಶಗಳ ಕಟ್ಟು) ಹಾಕಿಕೊಂಡಿದ್ದಾರೆ, ಅದರಿಂದ ಪ್ರಯೋಜನವಾಗದಿದ್ದಾಗ ಅದನ್ನು ಹಾಗೇ ಬಿಟ್ಟು ಇನ್ನೊಂದನ್ನು ಹಾಕಿಕೊಂಡಿದ್ದಾರೆ. ಆಟದ ಸದ್ದು ಕೆಡುವುದು ಕೋಡೆಕ್ ಇಲ್ಲದ ಕಾರಣಕ್ಕೆ ಅಪರೂಪ. ಇರಬಾರದ ಕಡೆ ಒಂದು ಕೋಡೆಕ್ ಬಂದು ಕುಳಿತ ಕಾರಣಕ್ಕೇ ಹೆಚ್ಚು. ಆದ್ದರಿಂದ ಹೊಸದೇನನ್ನಾದರೂ ಸೇರಿಸುವ ಮೊದಲು, ಕೆಟ್ಟಿರುವ ಆ ಸದ್ದು ಕಂಪ್ಯೂಟರಿನೊಳಗೆ ಯಾವ ದಾರಿಯಲ್ಲಿ ಹರಿದು ಬರುತ್ತಿದೆ ಎಂಬುದನ್ನು ಪತ್ತೆ ಮಾಡಬೇಕು. ಕೆಳಗಿನ ಉತ್ತರಗಳೆಲ್ಲ ಆ ಪತ್ತೆಯಿಂದಲೇ ಆರಂಭವಾಗುತ್ತವೆ.

ಪ್ರಶ್ನೆ: ನಾನು ವಿಂಡೋಸ್ 10 ಇರುವ ಕಂಪ್ಯೂಟರಿನಲ್ಲಿ ‘ಆಬ್ಲಿವಿಯನ್’ ಆಟ ಆಡುತ್ತೇನೆ. ಊರಲ್ಲಿ ಓಡಾಡುವಾಗ ಎಲ್ಲ ಸರಿಯಾಗಿರುತ್ತದೆ. ಶತ್ರು ಎದುರಾಗಿ ಸಂಗೀತ ಬದಲಾಗುವ ಹೊತ್ತಿಗೆ ಆಟ ತಟ್ಟನೆ ಮುಚ್ಚಿಹೋಗುತ್ತದೆ, ಅಥವಾ ಸಂಗೀತ ತಡವರಿಸಿ ನಿಂತುಬಿಡುತ್ತದೆ. ಗ್ರಾಫಿಕ್ಸ್ ಡ್ರೈವರ್ ಬದಲಿಸಿ ನೋಡಿದೆ, ಆಟವನ್ನು ಮತ್ತೆ ಇನ್‌ಸ್ಟಾಲ್ ಮಾಡಿದೆ, ಉಪಯೋಗವಾಗಲಿಲ್ಲ. ಕಂಪ್ಯೂಟರಿನಲ್ಲಿ ಸಿನಿಮಾ ನೋಡಲೆಂದು ಹಿಂದೆ ಹಾಕಿಸಿದ ಒಂದು ಹಳೆಯ ಕೋಡೆಕ್ ಪ್ಯಾಕ್ ಇದೆ. ಆಟದ ಸಂಗೀತದ ಫೋಲ್ಡರಿನಲ್ಲಿ ನನಗಿಷ್ಟವಾದ ಕೆಲವು ಕನ್ನಡ ಚಿತ್ರಗೀತೆಗಳನ್ನೂ ಸೇರಿಸಿದ್ದೇನೆ. ತಪ್ಪು ಎಲ್ಲಿದೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿಯೇ ಮುಖ್ಯ ಸುಳಿವಿದೆ. ಸಂಗೀತ ಬದಲಾಗುವ ಕ್ಷಣಕ್ಕೂ ಆಟ ಬೀಳುವ ಕ್ಷಣಕ್ಕೂ ಸಂಬಂಧ ಕಂಡಿದ್ದೀರಿ. ಅದೇ ದಾರಿಯಲ್ಲಿ ಮುಂದುವರಿಯೋಣ.

2006ರಲ್ಲಿ ಬಂದ ಈ ಆಟದಲ್ಲಿ ಸದ್ದುಗಳೆಲ್ಲ ಒಂದೇ ದಾರಿಯಲ್ಲಿ ಬರುವುದಿಲ್ಲ. ಆರಂಭದ ವಿಡಿಯೊಗಳು ಬಿಂಕ್ ಎಂಬ ಸ್ವರೂಪದಲ್ಲಿದ್ದು, ಅವುಗಳನ್ನು ಬಿಡಿಸುವ ತಂತ್ರಾಂಶ ಆಟದ ಜೊತೆಯಲ್ಲಿಯೇ ಬರುತ್ತದೆ. ಹಿನ್ನೆಲೆ ಸಂಗೀತ ಮಾತ್ರ ಸಾಮಾನ್ಯ ಎಂಪಿ3 ಕಡತಗಳಲ್ಲಿದೆ, ಅದನ್ನು ನುಡಿಸುವ ಕೆಲಸವನ್ನು ಆಟವು ವಿಂಡೋಸಿನ ಡೈರೆಕ್ಟ್‌ಶೋ ವ್ಯವಸ್ಥೆಗೆ ಒಪ್ಪಿಸುತ್ತದೆ. ನಿಮ್ಮ ಚಿತ್ರಗೀತೆಗಳು ಆಟದೊಳಗೆ ಕೇಳಿಬರುವುದಕ್ಕೂ ಇದೇ ಕಾರಣ. ಇದೇ ಸಂಸ್ಥೆಯ 2008ರ ‘ಫಾಲ್‌ಔಟ್ 3’ ಆಟದ ರೇಡಿಯೊ ಹಾಡುಗಳೂ ಈ ದಾರಿಯಲ್ಲೇ ಬರುವುದರಿಂದ ಅಲ್ಲಿಯೂ ಇಂಥದೇ ತೊಂದರೆ ಬಹಳ ಜನರಿಗೆ ಎದುರಾಗಿದೆ.

ಡೈರೆಕ್ಟ್‌ಶೋ ಕೆಲಸ ಮಾಡುವ ಬಗೆಯನ್ನು ತಿಳಿದರೆ ಉಳಿದದ್ದು ಸುಲಭ. ತೋಟಕ್ಕೆ ನೀರು ಹಾಯಿಸಲು ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸುವಂತೆ, ಅದು ಫಿಲ್ಟರ್ ಎಂಬ ಚಿಕ್ಕ ಚಿಕ್ಕ ಭಾಗಗಳನ್ನು ಜೋಡಿಸುತ್ತ ಹೋಗುತ್ತದೆ: ಒಂದು ಭಾಗ ಕಡತವನ್ನು ಓದುತ್ತದೆ, ಇನ್ನೊಂದು ಅದನ್ನು ಬಿಡಿಸುತ್ತದೆ, ಕೊನೆಯದು ಸ್ಪೀಕರಿಗೆ ಕಳಿಸುತ್ತದೆ. ಒಂದೇ ಕೆಲಸಕ್ಕೆ ಹಲವು ಫಿಲ್ಟರ್‌ಗಳಿದ್ದಾಗ ಯಾವುದನ್ನು ಆರಿಸಬೇಕು ಎಂಬುದಕ್ಕೆ ಪ್ರತಿ ಫಿಲ್ಟರಿಗೂ ಮೆರಿಟ್ ಎಂಬ ಒಂದು ಸಂಖ್ಯೆ, ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ದಾಖಲಾಗಿರುತ್ತದೆ. ಹದಿನಾರರ ಆಧಾರದ ಲೆಕ್ಕದಲ್ಲಿ 600000 ಎಂದರೆ ಸಾಮಾನ್ಯ ದರ್ಜೆ, 800000 ಎಂದರೆ ಆದ್ಯತೆಯ ದರ್ಜೆ, 200000 ಎಂದರೆ ತಾನಾಗಿ ಬಳಸಬಾರದು ಎಂಬ ಸೂಚನೆ. ದೊಡ್ಡ ಸಂಖ್ಯೆಯ ಫಿಲ್ಟರನ್ನೇ ಮೊದಲು ಪ್ರಯತ್ನಿಸಲಾಗುತ್ತದೆ. ಕೋಡೆಕ್ ಪ್ಯಾಕಿನಲ್ಲಿ ಬರುವ ಫಿಲ್ಟರ್‌ಗಳು ಸಿನಿಮಾ ನೋಡುವವರ ಅನುಕೂಲಕ್ಕಾಗಿ ತಮಗೆ ತಾವೇ ದೊಡ್ಡ ಸಂಖ್ಯೆಯನ್ನು ಬರೆದುಕೊಳ್ಳುತ್ತವೆ. ಆದರೆ ಆ ದಾಖಲೆಯನ್ನು ಸಿನಿಮಾ ಪ್ಲೇಯರ್ ಮಾತ್ರವಲ್ಲ, ಡೈರೆಕ್ಟ್‌ಶೋ ಬಳಸುವ ಪ್ರತಿಯೊಂದು ತಂತ್ರಾಂಶವೂ ಪಾಲಿಸಬೇಕಾಗುತ್ತದೆ. ಹೀಗಾಗಿ ನಿಮ್ಮ ಆಟವು ತನಗೆ ಪರಿಚಯವೇ ಇಲ್ಲದ ಒಂದು ಫಿಲ್ಟರಿನ ಮೂಲಕ ಸಂಗೀತ ನುಡಿಸತೊಡಗುತ್ತದೆ. ಆ ಫಿಲ್ಟರ್ ಸಂಗೀತವನ್ನು ಬಿಡಿಸುವುದರ ಜೊತೆಗೆ ಸದ್ದಿನ ಮಟ್ಟವನ್ನು ಸರಿದೂಗಿಸುವ, ಎರಡು ಚಾನೆಲನ್ನು ಆರಾಗಿ ಹರಡುವ, ಪರದೆಯ ಮೂಲೆಯಲ್ಲಿ ಐಕಾನ್ ತೋರಿಸುವ ಕೆಲಸಗಳನ್ನೂ ಮೈಮೇಲೆ ಹಾಕಿಕೊಂಡಿದ್ದರೆ, ಒಂದು ಹಾಡನ್ನು ನಿಲ್ಲಿಸಿ ಇನ್ನೊಂದನ್ನು ಎತ್ತಿಕೊಳ್ಳುವ ಗಳಿಗೆಯಲ್ಲಿ ಆಟ ಮುಗ್ಗರಿಸುವ ಸಂಭವ ಹೆಚ್ಚು.

ಇದು ನಿಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಮೈ ಗೇಮ್ಸ್, ಅದರೊಳಗೆ ಆಬ್ಲಿವಿಯನ್ ಎಂಬ ಫೋಲ್ಡರಿದೆ. ಅಲ್ಲಿರುವ, ಆಟದ ಸೆಟ್ಟಿಂಗ್ಸ್ ಬರೆದಿರುವ ಐಎನ್‌ಐ ಕಡತದ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು, ಮೂಲ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಆಡಿಯೊ ವಿಭಾಗದಲ್ಲಿ ಮ್ಯೂಸಿಕ್ ಎನೇಬಲ್ಡ್ ಎಂಬ ಅರ್ಥ ಬರುವ ಸಾಲಿನ ಮುಂದಿರುವ 1ನ್ನು 0 ಮಾಡಿ ಉಳಿಸಿ. ಈಗ ಆಟ ಬೀಳದಿದ್ದರೆ ದೋಷ ಸಂಗೀತದ ದಾರಿಯಲ್ಲಿದೆ ಎಂದಾಯಿತು. ಆಗಲೂ ಬಿದ್ದರೆ ಕೋಡೆಕ್‌ಗಳನ್ನು ದೂರದೆ ಬೇರೆ ಕಾರಣ ಹುಡುಕಬೇಕು. ಎರಡನೆಯ ಪರೀಕ್ಷೆ ಇನ್ನೂ ಸರಳ. ಸಂಗೀತವನ್ನು ಮತ್ತೆ ಚಾಲೂ ಮಾಡಿ ಆಡುತ್ತಿರುವಾಗ ಆಲ್ಟ್ ಮತ್ತು ಟ್ಯಾಬ್ ಒತ್ತಿ ಡೆಸ್ಕ್‌ಟಾಪಿಗೆ ಬಂದು ಗಡಿಯಾರದ ಪಕ್ಕದ ಐಕಾನ್‌ಗಳನ್ನು ನೋಡಿ. ಹಳೆಯ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಎಫ್‌ಎಫ್‌ಡಿಶೋ ಎಂಬ ಫಿಲ್ಟರಿನ ಐಕಾನ್ ಅಲ್ಲಿ ಕಂಡರೆ, ಆಟದ ಸಂಗೀತ ಅದರ ಮೂಲಕವೇ ಹೋಗುತ್ತಿದೆ ಎಂಬುದರಲ್ಲಿ ಅನುಮಾನ ಬೇಡ.

ಹಾಗಿದ್ದಲ್ಲಿ ಪ್ಯಾಕನ್ನು ಕಿತ್ತುಹಾಕದೆಯೂ ಪರಿಹಾರ ಸಾಧ್ಯ. ಸ್ಟಾರ್ಟ್ ಮೆನುವಿನಿಂದ ಎಫ್‌ಎಫ್‌ಡಿಶೋ ಆಡಿಯೊ ಡಿಕೋಡರಿನ ಕಾನ್ಫಿಗರೇಶನ್ ತೆರೆಯಿರಿ. ಡೈರೆಕ್ಟ್‌ಶೋ ಕಂಟ್ರೋಲ್ ಎಂಬ ಪುಟದಲ್ಲಿ, ಯಾವ ತಂತ್ರಾಂಶಗಳಲ್ಲಿ ತನ್ನನ್ನು ಬಳಸಬಾರದು ಎಂದು ಹೇಳುವ ಪಟ್ಟಿಯಿದೆ. ಆಟದ ಇಎಕ್ಸ್‌ಇ ಕಡತದ ಹೆಸರನ್ನು ಅದಕ್ಕೆ ಸೇರಿಸಿ, ಹಿಂದಿನ ಹೆಸರಿಗೂ ಇದಕ್ಕೂ ನಡುವೆ ಅರ್ಧವಿರಾಮ ಹಾಕಿ, ಬದಲಾವಣೆಯನ್ನು ಉಳಿಸಿ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ನಿಮ್ಮ ವಿಂಡೋಸ್ 64 ಬಿಟ್ಟಿನದಾದರೂ ಆಬ್ಲಿವಿಯನ್ 32 ಬಿಟ್ಟಿನ ಆಟ, ಆದ್ದರಿಂದ ಅದು 32 ಬಿಟ್ಟಿನ ಫಿಲ್ಟರನ್ನೇ ಕರೆಯುತ್ತದೆ. ಪ್ಯಾಕಿನಲ್ಲಿ ಎರಡೂ ಬಗೆಯವು ಇದ್ದರೆ ಅವುಗಳ ಸೆಟ್ಟಿಂಗ್ಸ್ ಬೇರೆ ಬೇರೆಯಾಗಿಯೇ ಇರುತ್ತವೆ. 64 ಬಿಟ್ಟಿನದನ್ನು ತಿದ್ದಿ, ಏನೂ ಬದಲಾಗಲಿಲ್ಲವೆಂದು ಕೈಚೆಲ್ಲಬೇಡಿ. ಪಟ್ಟಿಗೆ ಸೇರಿಸಿಯೂ ಸರಿಹೋಗದಿದ್ದರೆ ಕೋಡೆಕ್ಸ್ ಎಂಬ ಪುಟದಲ್ಲಿ ಎಂಪಿ3 ಸಾಲಿನ ಮುಂದೆಯೂ, ಸಂಕುಚಿತವಲ್ಲದ ಧ್ವನಿಯ ಸಾಲಿನ ಮುಂದೆಯೂ ಡಿಸೇಬಲ್ಡ್ ಎಂದು ಆರಿಸಿ. ವಿಂಡೋಸಿಗೆ ಎಂಪಿ3 ಬಿಡಿಸುವ ತನ್ನದೇ ಫಿಲ್ಟರ್ ಇರುವುದರಿಂದ ಆಟಕ್ಕೆ ನಷ್ಟವೇನಿಲ್ಲ.

ನನ್ನನ್ನು ಕೇಳಿದರೆ, ಆ ಹಳೆಯ ಪ್ಯಾಕನ್ನು ಪೂರ್ತಿ ತೆಗೆಯುವುದೇ ಮೇಲು. ಮೊದಲು ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಒಂದನ್ನು ಮಾಡಿಟ್ಟುಕೊಳ್ಳಿ. ಒಂದಕ್ಕಿಂತ ಹೆಚ್ಚು ಪ್ಯಾಕ್‌ಗಳಿದ್ದರೆ ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಿರಿ, ಪ್ರತಿಯೊಂದರ ನಂತರವೂ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಅನ್‌ಇನ್‌ಸ್ಟಾಲ್ ಆದ ಮೇಲೂ ರಿಜಿಸ್ಟ್ರಿಯಲ್ಲಿ ಫಿಲ್ಟರಿನ ಹೆಸರು ಉಳಿದು ಕಡತ ಮಾತ್ರ ಇಲ್ಲವಾಗಿರುವುದುಂಟು. ಕೋಡೆಕ್ ಟ್ವೀಕ್ ಟೂಲ್ ಎಂಬ ಉಚಿತ ಸಾಧನ ಇಂಥ ಮುರಿದ ನಮೂದುಗಳನ್ನು ಹುಡುಕಿ, ನಿಮ್ಮ ಒಪ್ಪಿಗೆ ಪಡೆದು ಅಳಿಸುತ್ತದೆ. ಅದು ತೋರಿಸಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪದೆ ಹೆಸರುಗಳನ್ನು ಓದಿ ಮುಂದುವರಿಯಿರಿ.

ಚಿತ್ರಗೀತೆಗಳ ವಿಚಾರ ಕೊನೆಗೆ. ಅವನ್ನು ಸ್ವಲ್ಪ ದಿನ ಬೇರೆ ಫೋಲ್ಡರಿಗೆ ಸಾಗಿಸಿ ಆಡಿ ನೋಡಿ. ಮೂಲ ಸಂಗೀತದೊಂದಿಗೆ ತೊಂದರೆಯಿಲ್ಲದೆ ಹಾಡುಗಳೊಂದಿಗೆ ಮಾತ್ರ ಇದ್ದರೆ, ಅವನ್ನು 44.1 ಕಿಲೋಹರ್ಟ್ಜ್, ಸ್ಥಿರ ಬಿಟ್‌ರೇಟಿನ ಎಂಪಿ3ಗೆ ಪರಿವರ್ತಿಸಿ, ಒಳಗೆ ಸೇರಿಸಿರುವ ಚಿತ್ರದ ಪೋಸ್ಟರು ಮೊದಲಾದ ಮಾಹಿತಿಯನ್ನು ತೆಗೆದು ಮತ್ತೆ ಹಾಕಿ. ಹೊಯ್ಸಳರ ಕಾಲದ್ದೇನೋ ಎನಿಸುವ ಕೋಟೆಗಳ ನಡುವೆ ಕನ್ನಡದ ಹಾಡು ಕೇಳುವ ನಿಮ್ಮ ಆಸೆಗೆ ಆಟವೇ ಅವಕಾಶ ಕೊಟ್ಟಿರುವಾಗ ಅದನ್ನು ಬಿಡಬೇಕಾಗಿಲ್ಲ.

ಪ್ರಶ್ನೆ: ಕೋಡೆಕ್ ಪ್ಯಾಕ್ ತೆಗೆದುಹಾಕಿದರೆ ನನ್ನಲ್ಲಿರುವ ಸಿನಿಮಾಗಳು ಓಡುವುದಿಲ್ಲವಲ್ಲ? ಆಟಕ್ಕಾಗಿ ಸಿನಿಮಾ ಬಿಡಬೇಕೇ?
— ಗೃಹಿಣಿ, ಹಾಸನ

ಉತ್ತರ: ಬಿಡಬೇಕಾಗಿಲ್ಲ. ವಿಎಲ್‌ಸಿ, ಎಂಪಿವಿ ಮುಂತಾದ ಪ್ಲೇಯರ್‌ಗಳು ತಮಗೆ ಬೇಕಾದ ಡಿಕೋಡರ್‌ಗಳನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ವಿಂಡೋಸಿನ ಡೈರೆಕ್ಟ್‌ಶೋ ಪಟ್ಟಿಗೆ ಏನನ್ನೂ ಸೇರಿಸುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಆಟವೂ ಸಿನಿಮಾವೂ ಇರಬೇಕೆನ್ನುವ ಮನೆಗಳಿಗೆ ಇದಕ್ಕಿಂತ ನೆಮ್ಮದಿಯ ಏರ್ಪಾಡು ಇಲ್ಲ.

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರಿಗೆ ಎರಡೇ ಸ್ಪೀಕರ್‌ಗಳಿವೆ. ಮಗ ಆಡುವ ಒಂದು ಆಟದಲ್ಲಿ ಹಿನ್ನೆಲೆ ಸಂಗೀತ, ಗುಂಡಿನ ಸದ್ದು, ಮಳೆಯ ಸದ್ದು ಎಲ್ಲ ಕೇಳಿಸುತ್ತವೆ, ಪಾತ್ರಗಳ ಮಾತು ಮಾತ್ರ ಬಾವಿಯ ತಳದಿಂದ ಬಂದಂತೆ ಕ್ಷೀಣವಾಗಿದೆ. ಸ್ಪೀಕರ್ ಕೆಟ್ಟಿದೆಯೆಂದು ಅಂಗಡಿಯವರು ಹೊಸದನ್ನು ಕೊಟ್ಟರು, ಅದರಲ್ಲೂ ಹಾಗೇ ಇದೆ.
— ಪ್ರೌಢಶಾಲಾ ಶಿಕ್ಷಕರು, ದಾವಣಗೆರೆ

ಉತ್ತರ: ಸ್ಪೀಕರಿನಲ್ಲಿ ದೋಷವಿಲ್ಲ. 5.1 ಎಂದು ಕರೆಯುವ ಸರೌಂಡ್ ಧ್ವನಿಯಲ್ಲಿ ಆರು ಚಾನೆಲ್‌ಗಳಿರುತ್ತವೆ: ಮುಂದೆ ಎಡ, ಬಲ ಮತ್ತು ಮಧ್ಯ, ಹಿಂದೆ ಎರಡು, ತಗ್ಗಿನ ಸದ್ದಿಗೆ ಒಂದು. ಪಾತ್ರಗಳ ಮಾತು ಬಹುತೇಕ ಮಧ್ಯದ ಚಾನೆಲಿನಲ್ಲಿರುತ್ತದೆ. ನಿಮ್ಮ ಕಂಪ್ಯೂಟರ್ ತನಗೆ ಆರು ಸ್ಪೀಕರ್‌ಗಳಿವೆ ಎಂದು ನಂಬಿ ಮಾತನ್ನು ಇಲ್ಲದ ಮಧ್ಯದ ಸ್ಪೀಕರಿಗೆ ಕಳಿಸುತ್ತಿದೆ. ನಿಮಗೆ ಕೇಳಿಸುತ್ತಿರುವುದು ಅಕ್ಕಪಕ್ಕದ ಚಾನೆಲ್‌ಗಳಲ್ಲಿ ಬೆರೆತಿರುವ ಅಲ್ಪಸ್ವಲ್ಪ ಮಾತ್ರ.

ಹಾಗೆ ನಂಬಿಸಿದವರು ಯಾರು ಎಂಬುದನ್ನು ಒಂದು ಪ್ರಶ್ನೆಯಿಂದ ತಿಳಿಯಬಹುದು. ಮಾತು ಕುಗ್ಗುವುದು ಇಡೀ ಆಟದಲ್ಲಿಯೋ, ಅಥವಾ ನಡುನಡುವೆ ಬರುವ ಕಥೆಯ ದೃಶ್ಯಗಳಲ್ಲಿ ಮಾತ್ರವೋ? ಇಡೀ ಆಟದಲ್ಲಿ ಹಾಗಾಗುತ್ತಿದ್ದರೆ ವಿಂಡೋಸಿನ ಸೆಟ್ಟಿಂಗ್ಸ್ ನೋಡಬೇಕು. ಕಂಟ್ರೋಲ್ ಪ್ಯಾನೆಲಿನ ಸೌಂಡ್ ವಿಭಾಗದಲ್ಲಿ ಪ್ಲೇಬ್ಯಾಕ್ ಪಟ್ಟಿಯಿಂದ ನಿಮ್ಮ ಸ್ಪೀಕರನ್ನು ಆರಿಸಿ, ಕಾನ್ಫಿಗರ್ ಗುಂಡಿ ಒತ್ತಿ ಸ್ಟೀರಿಯೊ ಎಂದು ಗುರುತು ಮಾಡಿ, ಆಟದ ಆಡಿಯೊ ಆಯ್ಕೆಗಳಲ್ಲಿಯೂ ಸ್ಟೀರಿಯೊ ಎಂದೇ ಬದಲಿಸಿ, ಆಟವನ್ನು ಪೂರ್ತಿ ಮುಚ್ಚಿ ತೆರೆಯಿರಿ. ಕಥೆಯ ದೃಶ್ಯಗಳಲ್ಲಿ ಮಾತ್ರ ಹಾಗಾಗುತ್ತಿದ್ದರೆ, ಆ ವಿಡಿಯೊವನ್ನು ಬಿಡಿಸುತ್ತಿರುವ ಫಿಲ್ಟರ್ ಆರು ಚಾನೆಲ್‌ಗಳನ್ನು ಹಾಗೇ ಹೊರಗೆ ಕೊಡುತ್ತಿರಬಹುದು. ಲಾವ್ ಫಿಲ್ಟರ್ಸ್ ಎಂಬ ಡೈರೆಕ್ಟ್‌ಶೋ ಫಿಲ್ಟರ್‌ಗಳ ಕಟ್ಟು ಇದ್ದಲ್ಲಿ ಅದರ ಆಡಿಯೊ ಡಿಕೋಡರಿನ ಮಿಕ್ಸಿಂಗ್ ಪುಟಕ್ಕೆ ಹೋಗಿ ಮಿಕ್ಸಿಂಗ್ ಚಾಲೂ ಮಾಡಿ ಸ್ಟೀರಿಯೊ ಎಂದು ಆರಿಸಿದರೆ, ಮಧ್ಯದ ಚಾನೆಲನ್ನು ಸುಮಾರು 0.71ರ ಪ್ರಮಾಣದಲ್ಲಿ ಎಡಬಲಗಳಿಗೆ ಹಂಚುತ್ತದೆ. ಅದೇ ಡಿಕೋಡರಿನಲ್ಲಿ ಬಿಟ್‌ಸ್ಟ್ರೀಮಿಂಗ್ ಅಥವಾ ಎಸ್‌ಪಿಡಿಐಎಫ್ ಎಂಬ ಆಯ್ಕೆಗಳಿಗೆ ಗುರುತು ಬಿದ್ದಿದ್ದರೆ ತೆಗೆಯಿರಿ; ಅವು ಧ್ವನಿಯನ್ನು ಬಿಡಿಸದೆ ಹೊರಗಿನ ಹೋಮ್ ಥಿಯೇಟರ್ ರಿಸೀವರಿಗೆ ದಾಟಿಸಲು ಇರುವಂಥವು, ನಿಮ್ಮ ಮನೆಯಲ್ಲಿ ಅವುಗಳಿಂದ ಮೌನವೇ ಫಲ.

ಇದೇ ಸಂದರ್ಭದಲ್ಲಿ ಹೆಡ್‌ಫೋನ್ ಬಳಸುವವರಿಗೂ ಒಂದು ಮಾತು. ಹೆಡ್‌ಫೋನಿನ ತಂತ್ರಾಂಶದಲ್ಲಿ ವರ್ಚುವಲ್ 7.1, ವಿಂಡೋಸಿನಲ್ಲಿ ಸ್ಪೇಶಿಯಲ್ ಸೌಂಡ್, ಆಟದೊಳಗೆ ಅದರದೇ 3ಡಿ ಧ್ವನಿ, ಈ ಮೂರನ್ನೂ ಒಟ್ಟಿಗೆ ಚಾಲೂ ಮಾಡಿಕೊಳ್ಳುವವರಿದ್ದಾರೆ. ಒಂದು ಮಾಡಿದ ಲೆಕ್ಕಾಚಾರದ ಮೇಲೆ ಇನ್ನೊಂದು ಲೆಕ್ಕ ಹಾಕುವುದರಿಂದ ಸದ್ದು ಮಬ್ಬಾಗುತ್ತದೆ, ಹೆಜ್ಜೆಯ ಸಪ್ಪಳ ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಯಾವುದಾದರೂ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಆಟದಲ್ಲಿಯೇ ಆ ಸೌಲಭ್ಯವಿದ್ದರೆ ಅದಕ್ಕೇ ಆದ್ಯತೆ ಕೊಡಿ, ಏಕೆಂದರೆ ಪ್ರತಿ ಸದ್ದಿನ ನಿಜವಾದ ಸ್ಥಾನ ತಿಳಿದಿರುವುದು ಆಟಕ್ಕೆ ಮಾತ್ರ.

ಪ್ರಶ್ನೆ: ಆಟದ ಫೋಲ್ಡರಿನಲ್ಲಿ ಬಿಐಕೆ ಎಂದು ಕೊನೆಯಾಗುವ ವಿಡಿಯೊಗಳಿವೆ. ಅವು ಆಟದೊಳಗೆ ಸದ್ದಿಲ್ಲದೆ ಓಡುತ್ತವೆ. ಯಾವ ಕೋಡೆಕ್ ಹಾಕಬೇಕು?
— ಓದುಗರು, ಬಾಗಲಕೋಟೆ

ಉತ್ತರ: ಯಾವುದೂ ಬೇಡ. ಅದು ಮೊದಲ ಉತ್ತರದಲ್ಲಿ ಹೇಳಿದ ಬಿಂಕ್ ಸ್ವರೂಪ. ಅದಕ್ಕೆ ಬೇಕಾದ ಡಿಎಲ್‌ಎಲ್ ಕಡತ (ತಂತ್ರಾಂಶ ಓಡುವಾಗ ಬಳಸಿಕೊಳ್ಳುವ ಸಹಾಯಕ ಕಡತ) ಆಟದ ಫೋಲ್ಡರಿನಲ್ಲಿಯೇ ಇರುತ್ತದೆ ಅಥವಾ ಆಟದೊಳಗೆ ಬೆರೆತಿರುತ್ತದೆ, ಹೊರಗಿನ ಕೋಡೆಕ್ ಪ್ಯಾಕ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಆಟದ ಕಡತಗಳನ್ನು ಪರಿಶೀಲಿಸುವ ಸೌಲಭ್ಯ ನೀವು ಆಟ ಕೊಂಡ ಅಂಗಡಿಯ ತಂತ್ರಾಂಶದಲ್ಲಿದ್ದರೆ ಅದನ್ನು ಬಳಸಿ, ಹಾಳಾದ ಕಡತ ಮತ್ತೆ ಇಳಿಯುತ್ತದೆ. ಡಿಎಲ್‌ಎಲ್ ಕಡತಗಳನ್ನು ಬಿಡಿಬಿಡಿಯಾಗಿ ಹಂಚುವ ತಾಣಗಳಿಂದ ಏನನ್ನೂ ತರಬೇಡಿ. ಹೆಸರು ಒಂದೇ ಆಗಿದ್ದು ಒಳಗೆ ಬೇರೇನೋ ಇರುವ ಕಡತಗಳಿಂದ ಕಂಪ್ಯೂಟರೇ ಅಪಾಯಕ್ಕೆ ಸಿಲುಕುತ್ತದೆ.

ಪ್ರಶ್ನೆ: ನನ್ನ ಬಾಲ್ಯದಲ್ಲಿ ಸಿಡಿಯಲ್ಲಿ ಬಂದ ಒಂದು ಆಟವನ್ನು ಮಕ್ಕಳಿಗೆ ತೋರಿಸಬೇಕೆಂದು ವಿಂಡೋಸ್ 11ರಲ್ಲಿ ಹಾಕಿದೆ. ಸಂಗೀತ ಬರುತ್ತದೆ, ಬಾಗಿಲು ತೆರೆಯುವ, ಓಡುವ, ಹೊಡೆಯುವ ಸದ್ದುಗಳು ಇಲ್ಲ. ಒಮ್ಮೊಮ್ಮೆ ಎಡಿಪಿಸಿಎಂ ಕೋಡೆಕ್ ಸಿಗಲಿಲ್ಲ ಎಂಬ ಸಂದೇಶವೂ ಬರುತ್ತದೆ. ಇತ್ತೀಚೆಗೆ ರಿಜಿಸ್ಟ್ರಿ ಸ್ವಚ್ಛಗೊಳಿಸುವ ಒಂದು ತಂತ್ರಾಂಶ ಓಡಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಇರುವ ಸಾಧ್ಯತೆ ಬಹಳವಿದೆ. ನಿಮ್ಮ ಆಟದ ದಾರಿ ಡೈರೆಕ್ಟ್‌ಶೋ ಅಲ್ಲ, ಅದಕ್ಕಿಂತ ಹಳೆಯದಾದ ಆಡಿಯೊ ಕಂಪ್ರೆಶನ್ ಮ್ಯಾನೇಜರ್, ಅಂದರೆ ಎಸಿಎಂ. ಸಿಡಿಯಲ್ಲಿ ಜಾಗ ಉಳಿಸಬೇಕಾಗಿದ್ದ ಆ ದಿನಗಳಲ್ಲಿ ಸಣ್ಣ ಸಣ್ಣ ಸದ್ದುಗಳನ್ನು ಎಡಿಪಿಸಿಎಂ ವಿಧಾನದಲ್ಲಿ ಕುಗ್ಗಿಸುತ್ತಿದ್ದರು. ಒಂದೊಂದು ಮಾದರಿಯನ್ನು (ಸದ್ದಿನ ಅಲೆಯ ಒಂದು ಕ್ಷಣದ ಅಳತೆಯನ್ನು) ಪೂರ್ತಿ 16 ಬಿಟ್ಟುಗಳಲ್ಲಿ ಬರೆಯದೆ, ಮುಂದಿನ ಮಾದರಿ ಎಷ್ಟಿರಬಹುದೆಂದು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ 4 ಬಿಟ್ಟುಗಳಲ್ಲಿ ಬರೆಯುವುದರಿಂದ ಕಡತ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಬಿಡಿಸಲು ಪ್ರೊಸೆಸರಿಗೆ ಹೆಚ್ಚಿನ ಶ್ರಮವೂ ಇಲ್ಲ. ಆ ಕಾಲದ ಯಂತ್ರಗಳಲ್ಲಿ ಒಂದೇ ಹೊತ್ತಿಗೆ ಹತ್ತಾರು ಸದ್ದು ನುಡಿಸುವುದಕ್ಕೆ ಅದು ತಕ್ಕ ವಿಧಾನವಾಗಿತ್ತು. ಇದರಲ್ಲಿ ಮೈಕ್ರೋಸಾಫ್ಟಿನದೊಂದು, ಐಎಂಎ ಎಂಬ ಒಕ್ಕೂಟದ್ದೊಂದು ಹೀಗೆ ಎರಡು ಬಗೆಗಳು ವಿಂಡೋಸಿನಲ್ಲಿ ಪ್ರಚಲಿತವಾಗಿವೆ, ಎರಡರ ಡಿಕೋಡರ್‌ಗಳೂ ಇಂದಿನ ವಿಂಡೋಸಿನಲ್ಲಿ ಇದ್ದೇ ಇರುತ್ತವೆ. ಆದ್ದರಿಂದ ಕೋಡೆಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ, ಸಾಮಾನ್ಯವಾಗಿ ಕಡತ ಅಲ್ಲಿಯೇ ಇದ್ದು, ಅದು ಎಲ್ಲಿದೆ ಎಂದು ಹೇಳುವ ನಮೂದು ಅಳಿದುಹೋಗಿದೆ ಎಂದು ಭಾವಿಸಬೇಕು.

ಆ ನಮೂದು ರಿಜಿಸ್ಟ್ರಿಯ ಲೋಕಲ್ ಮಷೀನ್ ಶಾಖೆಯಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್ ಎಂದು ಇಳಿಯುತ್ತ ಹೋದರೆ ಸಿಗುವ ಡ್ರೈವರ್ಸ್32 ಎಂಬ ಕೀಯಲ್ಲಿರುತ್ತದೆ. 64 ಬಿಟ್ಟಿನ ವಿಂಡೋಸಿನಲ್ಲಿ ಇಂಥ ಕೀ ಎರಡಿವೆ. ನಿಮ್ಮ ಹಳೆಯ 32 ಬಿಟ್ಟಿನ ಆಟ ಓದುವುದು ಸಾಫ್ಟ್‌ವೇರ್ ಎಂಬುದರ ಕೆಳಗಿನ ವಾವ್6432ನೋಡ್ ಶಾಖೆಯಲ್ಲಿರುವುದನ್ನು. ಎಂಎಸ್‌ಎಸಿಎಂ ಎಂದು ಆರಂಭವಾಗಿ, ಚುಕ್ಕೆಯ ನಂತರ ಐಎಂಎಎಡಿಪಿಸಿಎಂ ಎಂದಿರುವ ಹೆಸರಿನ ಎದುರು ಐಎಂಎಎಡಿಪಿ32 ಎಂಬ ಎಸಿಎಂ ಕಡತದ ಹೆಸರು ಇರಬೇಕು; ಅದೇ ರೀತಿ ಎಂಎಸ್‌ಎಡಿಪಿಸಿಎಂ ಎದುರು ಎಂಎಸ್‌ಎಡಿಪಿ32 ಇರಬೇಕು. ಮೊದಲಿನ, ಅಂದರೆ 64 ಬಿಟ್ಟಿನ ಕೀಯಲ್ಲಿ ಈ ಸಾಲುಗಳು ಉಳಿದಿದ್ದು ಎರಡನೆಯದರಲ್ಲಿ ಇಲ್ಲದಿದ್ದರೆ, ಅವುಗಳನ್ನೇ ನೋಡಿಕೊಂಡು ಅಕ್ಷರ ತಪ್ಪದಂತೆ ಸ್ಟ್ರಿಂಗ್ ಬಗೆಯ ನಮೂದುಗಳಾಗಿ ಸೇರಿಸಿ. ಕೈಹಾಕುವ ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಉಳಿಸಿಕೊಳ್ಳುವುದನ್ನು ದಯವಿಟ್ಟು ಮರೆಯಬೇಡಿ. ಅಲ್ಲಿ ಕೋಡೆಕ್ ಪ್ಯಾಕ್ ಒಂದು ತನ್ನದೇ ಕಡತದ ಹೆಸರನ್ನು ಬರೆದಿಟ್ಟಿದ್ದು ಆ ಕಡತವೇ ಈಗ ಇಲ್ಲದಿರುವುದೂ ಸಾಧ್ಯ. ಆಗ ಹೆಸರನ್ನು ವಿಂಡೋಸಿನ ಮೂಲ ಹೆಸರಿಗೆ ತಿದ್ದಿದರೆ ಸಾಕು.

ಕಡತವೇ ಕಾಣೆಯಾಗಿದ್ದರೆ, 32 ಬಿಟ್ಟಿನ ಕಡತಗಳು ಇರುವುದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿ, ಹೆಸರು ನೋಡಿ ಗೊಂದಲಕ್ಕೆ ಒಳಗಾಗಬೇಡಿ. ಅದನ್ನು ಮತ್ತೆ ತುಂಬಿಸಲು ವಿಂಡೋಸಿನ ಸಿಸ್ಟಮ್ ಫೈಲ್ ಚೆಕರ್ ಇದೆ: ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಫ್‌ಸಿ ಆದೇಶವನ್ನು ಸ್ಕ್ಯಾನ್‌ನೌ ಆಯ್ಕೆಯೊಂದಿಗೆ ಕೊಡಿ. ರಿಜಿಸ್ಟ್ರಿ ಸ್ವಚ್ಛಗೊಳಿಸುವ ತಂತ್ರಾಂಶಗಳನ್ನು ಇನ್ನು ಮುಂದೆ ದೂರವಿಡಿ. ಅವು ಉಳಿಸುವ ಜಾಗ ನಗಣ್ಯ, ಕೆಡಿಸುವುದು ಇಂಥ ಸೂಕ್ಷ್ಮ ಜಾಗಗಳನ್ನೇ.

ಪ್ರಶ್ನೆ: ಆಟ ತೆರೆದ ಕೂಡಲೇ ಎಕ್ಸ್‌ಆಡಿಯೊ2_7 ಎಂಬ ಡಿಎಲ್‌ಎಲ್ ಇಲ್ಲವೆಂದು ಹೇಳುತ್ತದೆ. ಸೌಂಡ್ ಡ್ರೈವರ್ ಮತ್ತೆ ಹಾಕಬೇಕೇ?
— ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ಡ್ರೈವರಿನದೂ ಕೋಡೆಕ್‌ನದೂ ದೋಷವಲ್ಲ. ಆಟಗಳ ಧ್ವನಿಗೆಂದೇ ಇರುವ ಎಕ್ಸ್‌ಆಡಿಯೊ2ರ 2.9ನೇ ಆವೃತ್ತಿ ವಿಂಡೋಸ್ 10ರ ಜೊತೆಗೆ ಬರುತ್ತದೆ, 2.7ನೇ ಆವೃತ್ತಿ ಬರುವುದಿಲ್ಲ. ಅದು ಮೈಕ್ರೋಸಾಫ್ಟಿನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್‌ನಲ್ಲಿದೆ. ಮೈಕ್ರೋಸಾಫ್ಟ್ ತಾಣದಿಂದಲೇ ಅದನ್ನು ಇಳಿಸಿ ಹಾಕಿಕೊಳ್ಳಿ. ಹಳೆಯ ಆವೃತ್ತಿ ಹೊಸದರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆಯೇ ಹೊರತು ಅದನ್ನು ತಳ್ಳುವುದಿಲ್ಲ.

ಪ್ರಶ್ನೆ: ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಹಾಡು ಬಹಳ ಚೆನ್ನಾಗಿ ಕೇಳಿಸುತ್ತದೆ. ಗೆಳೆಯರೊಂದಿಗೆ ಮಾತನಾಡುತ್ತ ಆಟ ಆರಂಭಿಸಿದೊಡನೆ ಹಳೆಯ ದೂರವಾಣಿಯಲ್ಲಿ ಕೇಳಿದಂತಾಗುತ್ತದೆ. ಆಟದ ಕೋಡೆಕ್ ತೊಂದರೆಯೆಂದು ಹೇಳಿದರು.
— ಸಾಫ್ಟ್‌ವೇರ್ ಪರೀಕ್ಷಕರು, ಬೆಂಗಳೂರು

ಉತ್ತರ: ಕೋಡೆಕ್ ತೊಂದರೆಯೆಂಬುದು ನಿಜ, ಆದರೆ ಅದು ಆಟದ್ದಲ್ಲ, ಬ್ಲೂಟೂತಿನದು. ಸಂಗೀತ ಕೇಳುವಾಗ ಹೆಡ್‌ಸೆಟ್ ಎ2ಡಿಪಿ ಎಂಬ ವ್ಯವಸ್ಥೆಯಲ್ಲಿರುತ್ತದೆ. ಎಸ್‌ಬಿಸಿ, ಎಎಸಿ ಮುಂತಾದ ಕೋಡೆಕ್‌ಗಳ ಮೂಲಕ ಎರಡೂ ಕಿವಿಗಳಿಗೆ ಪೂರ್ಣ ಸದ್ದು ಬರುತ್ತದೆ. ಅದು ಒಂದೇ ದಿಕ್ಕಿನ ಹಾದಿಯಾದ್ದರಿಂದ ಮೈಕಿಗೆ ಅಲ್ಲಿ ಜಾಗವಿಲ್ಲ. ಆಟ ಅಥವಾ ಮಾತಿನ ತಂತ್ರಾಂಶ ಮೈಕನ್ನು ತೆರೆದ ಕ್ಷಣ ಹೆಡ್‌ಸೆಟ್ ಎಚ್‌ಎಫ್‌ಪಿ ಎಂಬ ಕರೆಯ ವ್ಯವಸ್ಥೆಗೆ ಜಿಗಿಯುತ್ತದೆ. ಅಲ್ಲಿ ಸಿವಿಎಸ್‌ಡಿ ಆದರೆ ಸೆಕೆಂಡಿಗೆ 8,000, ಎಂಎಸ್‌ಬಿಸಿ ಆದರೆ 16,000 ಮಾದರಿಗಳು, ಅದೂ ಒಂದೇ ಚಾನೆಲಿನಲ್ಲಿ. ಎಡಬಲದ ಅರಿವೇ ಹೊರಟುಹೋಗುತ್ತದೆ.

ಸುಲಭದ ದಾರಿಯೆಂದರೆ ಮೈಕನ್ನು ಬೇರೆ ಮಾಡುವುದು. ಲ್ಯಾಪ್‌ಟಾಪಿನ ಒಳಗಿನ ಮೈಕನ್ನೋ, ಯುಎಸ್‌ಬಿ ಮೈಕನ್ನೋ ವಿಂಡೋಸಿನಲ್ಲಿಯೂ ಆಟದಲ್ಲಿಯೂ ಮಾತಿನ ತಂತ್ರಾಂಶದಲ್ಲಿಯೂ ಆರಿಸಿ. ಮೂರರಲ್ಲಿ ಒಂದು ಕಡೆ ಹೆಡ್‌ಸೆಟ್ಟಿನ ಮೈಕ್ ಉಳಿದರೂ ಮತ್ತೆ ಅದೇ ಪಾಡು. ವಿಂಡೋಸ್ 10ರಲ್ಲಿ ಡಿವೈಸಸ್ ಆ್ಯಂಡ್ ಪ್ರಿಂಟರ್ಸ್‌ನಿಂದ ಹೆಡ್‌ಸೆಟ್ಟಿನ ಪ್ರಾಪರ್ಟೀಸ್ ತೆರೆದು, ಸರ್ವಿಸಸ್ ಪುಟದಲ್ಲಿ ಹ್ಯಾಂಡ್ಸ್‌ಫ್ರೀ ಟೆಲಿಫೋನಿಯ ಗುರುತನ್ನು ತೆಗೆದರೆ ಜಿಗಿತಕ್ಕೇ ಅವಕಾಶವಿರುವುದಿಲ್ಲ. ಇನ್ನೊಂದನ್ನೂ ನೋಡಿ: ಸೌಂಡ್ ವಿಭಾಗದ ಕಮ್ಯುನಿಕೇಶನ್ಸ್ ಪುಟದಲ್ಲಿ, ಕರೆ ನಡೆಯುವಾಗ ಉಳಿದ ಸದ್ದನ್ನು 80 ಶೇಕಡಾ ತಗ್ಗಿಸುವ ಆಯ್ಕೆ ಮೊದಲೇ ಚಾಲೂ ಇರುತ್ತದೆ, ಅದನ್ನು ಏನೂ ಮಾಡಬೇಡ ಎಂಬುದಕ್ಕೆ ಬದಲಿಸಿ. ಹೊಸ ಹೆಡ್‌ಸೆಟ್ ಕೊಳ್ಳುವವರಾದರೆ ಎಲ್‌ಸಿ3 ಕೋಡೆಕ್ ಬಳಸುವ ಎಲ್‌ಇ ಆಡಿಯೊ ಎಂಬ ಹೊಸ ಬ್ಲೂಟೂತ್ ಸೌಲಭ್ಯ ಹೆಡ್‌ಸೆಟ್ಟಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಇದೆಯೇ ಎಂದು ವಿಚಾರಿಸಿ. ಗಂಭೀರವಾಗಿ ಆಡುವವರಿಗೆ ನಾನು ಇಂದಿಗೂ ತಂತಿಯ ಹೆಡ್‌ಫೋನನ್ನೇ ಸೂಚಿಸುತ್ತೇನೆ.

ಪ್ರಶ್ನೆ: ಉದ್ಯೋಗಕ್ಕಾಗಿ ಜರ್ಮನಿಗೆ ಬಂದಿದ್ದೇನೆ. ಇಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿ ಒಂದು ಹೊಸ ಆಟದ ಕಥೆಯ ದೃಶ್ಯಗಳು ಕಪ್ಪು ಪರದೆಯಾಗಿ, ಸದ್ದಿಲ್ಲದೆ ದಾಟಿಹೋಗುತ್ತವೆ. ಬೆಂಗಳೂರಿನಲ್ಲಿರುವ ತಮ್ಮನ ಕಂಪ್ಯೂಟರಿನಲ್ಲಿ ಇದೇ ಆಟ ಸರಿಯಾಗಿದೆ. ಎರಡು ಕೋಡೆಕ್ ಪ್ಯಾಕ್ ಹಾಕಿ ನೋಡಿದೆ.
— ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ವಿಂಡೋಸ್ ಎಡಿಷನ್ನಿನ ಹೆಸರಿನ ಕೊನೆಗೆ ಎನ್ ಎಂಬ ಅಕ್ಷರವಿದೆಯೇ ನೋಡಿ. ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಕೊಟ್ಟ ತೀರ್ಮಾನದ ಫಲವಾಗಿ, ಮೀಡಿಯ ಪ್ಲೇಯರ್ ಮತ್ತು ಅದಕ್ಕೆ ಸಂಬಂಧಿಸಿದ ಭಾಗಗಳಿಲ್ಲದ ಈ ಆವೃತ್ತಿ ಯುರೋಪಿನಲ್ಲಿ ದೊರೆಯುತ್ತದೆ. ಹೊಸ ಆಟಗಳಲ್ಲಿ ಹಲವು ತಮ್ಮ ದೃಶ್ಯಗಳನ್ನು ಡೈರೆಕ್ಟ್‌ಶೋಗಿಂತ ಹೊಸದಾದ ಮೀಡಿಯ ಫೌಂಡೇಶನ್ ವ್ಯವಸ್ಥೆಯ ಮೂಲಕ ನುಡಿಸುತ್ತವೆ, ಎನ್ ಆವೃತ್ತಿಯಲ್ಲಿ ಇಲ್ಲದಿರುವುದು ಅದೇ. ನೀವು ಹಾಕಿದ ಪ್ಯಾಕ್‌ಗಳು ಮುಖ್ಯವಾಗಿ ಡೈರೆಕ್ಟ್‌ಶೋ ಫಿಲ್ಟರ್‌ಗಳನ್ನು ಸೇರಿಸುವಂಥವು. ಆಟವು ಆ ಬಾಗಿಲನ್ನು ತಟ್ಟುವುದೇ ಇಲ್ಲವಾದ್ದರಿಂದ ಅವುಗಳಿಂದ ಉಪಯೋಗವಾಗಲಿಲ್ಲ. ಎರಡನ್ನೂ ತೆಗೆದುಹಾಕಿ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಎಂದು ಹುಡುಕಿ, ಅಲ್ಲಿಂದ ಮೀಡಿಯ ಫೀಚರ್ ಪ್ಯಾಕ್ ಸೇರಿಸಿ, ರೀಸ್ಟಾರ್ಟ್ ಮಾಡಿ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಪ್ರಶ್ನೆ: ಉಬುಂಟು ಲಿನಕ್ಸಿನಲ್ಲಿ, ಆಟಗಳ ಅಂಗಡಿಯಾದ ಸ್ಟೀಮ್‌ನ ಪ್ರೋಟಾನ್ ಎಂಬ ತಂತ್ರಾಂಶದ ಮೂಲಕ ವಿಂಡೋಸ್ ಆಟ ಆಡುತ್ತೇನೆ. ಕಥೆಯ ದೃಶ್ಯ ಬಂದಾಗ ಟಿವಿಯಲ್ಲಿ ಕಾರ್ಯಕ್ರಮ ಆರಂಭವಾಗುವ ಮೊದಲು ಬರುತ್ತಿದ್ದಂಥ ಬಣ್ಣದ ಪಟ್ಟೆಗಳು ಬರುತ್ತವೆ, ಧ್ವನಿಯಿಲ್ಲ. ಇಲ್ಲಿಯೂ ಕೋಡೆಕ್ ಜಗಳವೇ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಇಲ್ಲಿ ಜಗಳವಿಲ್ಲ, ಗೈರುಹಾಜರಿ ಮಾತ್ರ. ಎಚ್.264, ಎಎಸಿ, ಡಬ್ಲ್ಯುಎಂವಿ ಮೊದಲಾದವುಗಳಿಗೆ ಪೇಟೆಂಟ್ ಪರವಾನಗಿಯ ತೊಡಕಿರುವುದರಿಂದ ಪ್ರೋಟಾನ್ ಅವುಗಳ ಡಿಕೋಡರ್‌ಗಳನ್ನೆಲ್ಲ ತನ್ನೊಂದಿಗೆ ಹಂಚುವುದಿಲ್ಲ. ಅದಕ್ಕೆ ಬದಲಾಗಿ ಬೇರೆ ಸ್ವರೂಪಕ್ಕೆ ಮೊದಲೇ ಪರಿವರ್ತಿಸಿದ ದೃಶ್ಯಗಳನ್ನು ಸ್ಟೀಮ್, ಆಟದ ಗ್ರಾಫಿಕ್ಸ್‌ಗೆ ಬೇಕಾದ ಭಾಗಗಳನ್ನು ಮೊದಲೇ ಇಳಿಸಿಡುವ ಶೇಡರ್ ಪ್ರೀ-ಕ್ಯಾಶಿಂಗ್ ಜೊತೆಗೆ ಇಳಿಸಿಕೊಡುತ್ತದೆ; ಆ ದೃಶ್ಯ ಇನ್ನೂ ಸಿಗದಿದ್ದಾಗ ಪಟ್ಟೆಗಳು ಕಾಣುತ್ತವೆ. ಡೇಟಾ ಉಳಿಸಲೆಂದು ಆ ಪ್ರೀ-ಕ್ಯಾಶಿಂಗನ್ನು ನಿಲ್ಲಿಸಿದ್ದರೆ ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಚಾಲೂ ಮಾಡಿ, ಡೌನ್‌ಲೋಡ್ ಮುಗಿಯಲು ಬಿಡಿ. ಆಗಲೂ ಬಾರದಿದ್ದರೆ ಜಿಇ-ಪ್ರೋಟಾನ್ ಎಂಬ ಸಮುದಾಯದ ಆವೃತ್ತಿಯನ್ನು ಆ ಒಂದು ಆಟಕ್ಕೆ ಆರಿಸಿ ನೋಡಿ.

ನಿಮಗಿರುವ ಒಂದು ಅನುಕೂಲ ವಿಂಡೋಸ್ ಬಳಸುವವರಿಗಿಲ್ಲ. ಪ್ರೋಟಾನ್‌ನಲ್ಲಿ ಪ್ರತಿ ಆಟಕ್ಕೂ ಅದರದೇ ಪ್ರತ್ಯೇಕ ವಿಂಡೋಸ್ ಪರಿಸರವಿರುತ್ತದೆ. ವೈನ್‌ಟ್ರಿಕ್ಸ್ ಎಂಬ ಸಾಧನದ ಮೂಲಕ ಒಂದು ಆಟಕ್ಕೆ ಲಾವ್ ಫಿಲ್ಟರ್ಸ್ ಹಾಕಿ ಕೆಟ್ಟರೂ ಮಿಕ್ಕ ಆಟಗಳಿಗೆ ಅದರ ಸೋಂಕು ತಗಲುವುದಿಲ್ಲ. ಕಂಪ್ಯಾಟ್‌ಡೇಟಾ ಫೋಲ್ಡರಿನಲ್ಲಿ ಆ ಆಟದ ಸಂಖ್ಯೆಯ ಫೋಲ್ಡರನ್ನು ಅಳಿಸಿದರೆ ಮುಂದಿನ ಬಾರಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಳಿಸುವ ಮೊದಲು ನೀವು ಆಡಿ ಉಳಿಸಿದ ಸೇವ್ ಕಡತಗಳು ಅದರೊಳಗೇ ಇರಬಹುದು ಎಂಬುದನ್ನು ಗಮನದಲ್ಲಿಟ್ಟುಕೊಂಡು, ಅವುಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಡಿ.